ಪಿಟೀಲಿನ ಸೊನಾಟಾವನ್ನು ಸೆಲ್ಲೊಗೆ ತಂದದ್ದು

ಸಂಗೀತ ರಚನಕಾರ ಸೀಸರ್ ಫ್ರಾಂಕ್ 1886ರಲ್ಲಿ ಎ ಮೇಜರ್ ಶ್ರುತಿಯಲ್ಲಿ ವಯೊಲಿನ್ ಸೊನಾಟಾ (ಪಿಟೀಲು, ಪಿಯಾನೊಗಳಿಗೆ ಹಲವು ಭಾಗಗಳ ಕೃತಿ) ಬರೆದು, ಪಿಟೀಲುವಾದಕ ಯೂಜೀನ್ ಇಸಾಯಿ ಅವರ ಮದುವೆಗೆ ಉಡುಗೊರೆ ಕೊಟ್ಟರು. ಫ್ರಾಂಕ್ ಬದುಕಿದ್ದಾಗಲೇ, ಅವರದೇ ಒಪ್ಪಿಗೆ ಪಡೆದು, ಸೆಲ್ಲೊವಾದಕ ಜೂಲ್ ಡೆಲ್ಸಾರ್ ಅದನ್ನು ಪಿಟೀಲಿಗಿಂತ ದೊಡ್ಡದಾದ, ತಗ್ಗು ದನಿಯ ಸೆಲ್ಲೊಗೆ ತಂದರು. ಪಿಯಾನೊ ಭಾಗ ಮಾತ್ರ ಇದ್ದ ಹಾಗೇ ಉಳಿಯಿತು. ಡೆಲ್ಸಾರ್ ಅಚ್ಚನ್ನು ನಾನೂ ನುಡಿಸಿದ್ದೇನೆ. ಆದರೂ ಯಾವ ಸಾಲನ್ನು ಇಳಿಸಬೇಕು, ಯಾವುದನ್ನು ಬಿಡಬೇಕು ಅನ್ನೋದನ್ನು ನಾನೇ ನೋಡೋಣ ಅನ್ನಿಸಿತು. ವಯೊಲಿನ್ ಪಾರ್ಟ್ ಮುಂದಿಟ್ಟುಕೊಂಡು ಪೆನ್ಸಿಲ್ ಹಿಡಿದೆ.

ಲೆಕ್ಕ ಸುಲಭವೆನಿಸುತ್ತದೆ. ಪಿಟೀಲಿಗೆ ಜಿ, ಡಿ, ಎ, ಇ ತಂತಿಗಳು. ಸೆಲ್ಲೊಗೆ ಸಿ, ಜಿ, ಡಿ, ಎ. ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ, ಇಳಿಸಿದರೆ ಮೂರು ತಂತಿ ಹಾಗೇ ಕೂಡಿಬರುತ್ತವೆ. ಇ ತಂತಿಯ ಸ್ವರಗಳಿಗೆ ಮಾತ್ರ ಎ ತಂತಿಯಲ್ಲೇ ಮೇಲೆ ಹೋಗಬೇಕು, ಹೆಬ್ಬೆರಳನ್ನೂ ತಂತಿಯ ಮೇಲಿಡಬೇಕು. ಸರಿ, ಎಲ್ಲವನ್ನೂ ಸುಮ್ನೆ ಇಳಿಸಿಬಿಟ್ಟರಾಯ್ತು ಅಲ್ವಾ? ಮೊದಲ ಭಾಗಕ್ಕೆ ಆಗುತ್ತದೆ. 9/8 ತಾಳದಲ್ಲಿ ತೂಗುವ ಆ ಮೆಲ್ಲನೆಯ ರಾಗ ಸೆಲ್ಲೊಗೇ ಬರೆದಂತಿದೆ. ನನ್ನ ಕಿವಿಗೆ ಪಿಟೀಲಿಗಿಂತ ಚೆನ್ನ.

ಎರಡನೆಯ ಭಾಗದಲ್ಲಿ ಗೆಳತಿ ಪಿಯಾನೊ ನಿಲ್ಲಿಸಿ ತಿರುಗಿದಳು. “ನೀನು ನುಡಿಸ್ತಿದ್ದೀಯಾ ಇಲ್ವಾ? ನನ್ನ ಎಡಗೈ ಸದ್ದಿನಲ್ಲಿ ಏನೂ ಕೇಳಿಸ್ತಿಲ್ಲ ಕಣೋ.” ಅವಳು ಹೇಳಿದ್ದು ನಿಜ. ಅಲ್ಲಿ ಪಿಯಾನೊ ತಗ್ಗಿನಲ್ಲೇ ಬಿಡದೆ ಕುದಿಯುತ್ತಿರುತ್ತದೆ. ಪಿಟೀಲು ಆ ರಾಗವನ್ನು ತನ್ನ ದಪ್ಪ ಜಿ ತಂತಿಯಲ್ಲಿ ಹಿಡಿಯುತ್ತದೆ. ಅದಕ್ಕೂ ಒಂದು ಆಕ್ಟೇವ್ ಕೆಳಗೆ ಹೋದರೆ ಸೆಲ್ಲೊ ಆ ಸದ್ದಿನಲ್ಲೇ ಮುಳುಗುತ್ತದೆ. ಬಿಲ್ಲನ್ನು ಎಷ್ಟು ಒತ್ತಿದರೂ ಗೊರಗೊರ ಜಾಸ್ತಿ ಆಗುತ್ತದೆ, ರಾಗ ಮೇಲೆ ಬರುವುದಿಲ್ಲ.

ಅದಕ್ಕೆ ಅಲ್ಲಿ ಇಳಿಸುವುದನ್ನೇ ಬಿಟ್ಟೆ. ಪಿಟೀಲಿನ ಆ ತಗ್ಗು ಸ್ವರಗಳು ಸೆಲ್ಲೊದ ಡಿ, ಎ ತಂತಿಗಳಲ್ಲಿ ಕೈಗೆ ಹತ್ತಿರವೇ ಸಿಗುತ್ತವೆ. ಪಿಟೀಲಿನಲ್ಲಿ ಅತಿ ಕೆಳಗಿನದು ಸೆಲ್ಲೊದಲ್ಲಿ ಎದೆ ತುಂಬಿ ಹಾಡುವ ಜಾಗ. ಅವಳು ಪೆಡಲ್ ಅರ್ಧಕ್ಕೆ ಹಿಡಿದಳು, ಮುಚ್ಚಳವನ್ನು ಗಿಡ್ಡ ಕೋಲಿಗೆ ಇಳಿಸಿದೆವು. ಆಮೇಲೆ ಎರಡೂ ಬಿಡಿಬಿಡಿಯಾಗಿ ಕೇಳಿಸಿದವು.

ಅಲ್ಲಿಂದ ಮುಂದೆ ಆಕ್ಟೇವನ್ನು ಸಾಲುಸಾಲಿಗೆ ನೋಡಿ ತೀರ್ಮಾನಿಸಿದೆ. ಒಂದು ಕಟ್ಟುನಿಟ್ಟು ಮಾತ್ರ ಇಟ್ಟುಕೊಂಡೆ: ರಾಗದ ಮಧ್ಯೆ ಆಕ್ಟೇವ್ ಬದಲಿಸಬಾರದು. ಉಸಿರು ತೆಗೆದುಕೊಳ್ಳುವಲ್ಲೇ ಬದಲಿಸಬೇಕು. ಇಲ್ಲದಿದ್ದರೆ ರಾಗದ ಬೆನ್ನು ಮುರಿದಂತೆ ಕೇಳಿಸುತ್ತದೆ.

ಮೂರನೆಯ ಭಾಗದಲ್ಲಿ ತೊಂದರೆಯೇ ಆಗಲಿಲ್ಲ. ಕೊನೆಯ ಭಾಗದಲ್ಲಿ ಪಿಯಾನೊ ಹಾಡಿದ್ದನ್ನೇ ಒಂದು ಬಾರ್ (ತಾಳದ ಒಂದು ಸುತ್ತು) ಹಿಂದೆ ಪಿಟೀಲು ಹಾಡುತ್ತಾ ಬರುತ್ತದೆ. ಅದನ್ನು ಕೆಳಗೇ ಇಟ್ಟೆ. ಎರಡು ದನಿ ದೂರ ಇದ್ದಷ್ಟೂ ಒಬ್ಬರ ಹಿಂದೆ ಒಬ್ಬರು ಬರುವುದು ಸ್ಪಷ್ಟವಾಗುತ್ತದೆ.

ಮುಂದಿನದು ರಚನಕಾರ ಬ್ರಾಹ್ಮ್ಸ್ ಅವರ ಜಿ ಮೇಜರ್ ವಯೊಲಿನ್ ಸೊನಾಟಾ, ಓಪಸ್ 78. ಅದರ ಹಳೆಯ ಸೆಲ್ಲೊ ರೂಪದಲ್ಲಿ ಶ್ರುತಿಯೇ ಡಿ ಮೇಜರ್‌ಗೆ ಬದಲಾಗಿದೆ. ಅಂದರೆ ಪಿಯಾನೊದವರೂ ಹೊಸದಾಗಿ ಕೈ ಕೂರಿಸಿಕೊಳ್ಳಬೇಕು. ಗೆಳತಿ ಇನ್ನೂ ಒಪ್ಪಿಲ್ಲ.