ಆಟ ಆಡಿಸುವ ಓದು: ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಪದವಿಗೆ ಹೊರಡುವುದು ಹೇಗೆ?

“ಮಾವ, ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಮಾಡುವ ಅಂತ ಉಂಟು. ಇಂಗ್ಲಿಷ್ ಸ್ವಲ್ಪ ಕಮ್ಮಿ. ಆಗ್ತದಾ?”

ಕೇಳಿದ್ದು ಬದಿಯಡ್ಕದಲ್ಲಿರುವ ನನ್ನ ಅಕ್ಕನ ಮಗ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಈಗ ಪ್ಲಸ್ ಟು ಕಾಮರ್ಸ್. ಊರಿನ ಕಬಡ್ಡಿ ತಂಡಕ್ಕೆ ಕಾಯಂ ರೈಡರ್. ಆಟ ಚೆನ್ನಾಗಿ ಬರುತ್ತದೆ, ಹಾಗಾಗಿ ಆಟದ ಕೋರ್ಸೇ ಸರಿ ಎಂಬುದು ಅವನ ಲೆಕ್ಕ. ಕಾಸರಗೋಡು, ಮಂಜೇಶ್ವರ ಕಡೆಯ ಸುಮಾರು ಮಕ್ಕಳದ್ದು ಇದೇ ಲೆಕ್ಕ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಕೋರ್ಸುಗಳ ಹೆಸರು ಬಿಡಿಸಿಕೊಳ್ಳಿ

ಶಾಲೆಯಲ್ಲಿ ಪಿ.ಟಿ. ಮಾಸ್ಟ್ರು ಆಗಬೇಕಾದರೆ ಬಿ.ಪಿ.ಎಡ್. ಬೇಕು. ಅದು ಪದವಿ ಮುಗಿದ ಮೇಲಿನ ಎರಡು ವರ್ಷದ ಓದು. ನಮಗೆ ಹತ್ತಿರವೆಂದರೆ ಕಣ್ಣೂರು ವಿಶ್ವವಿದ್ಯಾಲಯದ ಮಾಂಗಾಟ್ಟುಪರಂಬದ ದೈಹಿಕ ಶಿಕ್ಷಣ ವಿಭಾಗ. ಕೋಚ್ ಆಗಬೇಕಾದರೆ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾಕ್ಕೆ ಬೆಲೆ ಜಾಸ್ತಿ. ಗಾಯ, ಆಹಾರ, ದೇಹದ ಸಾಮರ್ಥ್ಯ ಇತ್ಯಾದಿ ಕಲಿಯುವುದು ಸ್ಪೋರ್ಟ್ಸ್ ಸೈನ್ಸ್‌ನಲ್ಲಿ.

ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಈ ಮೂರೂ ಅಲ್ಲ. ಅದು ಮುಕ್ಕಾಲು ಪಾಲು ಬಿಬಿಎ, ಅಂದರೆ ವ್ಯವಹಾರ ನಿರ್ವಹಣೆಯ ಪದವಿ. ಅಕೌಂಟ್ಸ್, ಮಾರ್ಕೆಟಿಂಗ್, ಕರಾರಿನ ಕಾನೂನು, ಅಂಕಿಅಂಶ, ಜೊತೆಗೆ ಮೈದಾನದ ನಿರ್ವಹಣೆ, ಪಂದ್ಯಾಟದ ಆಯೋಜನೆ, ಪ್ರಾಯೋಜಕತ್ವ, ಪ್ರಸಾರದ ಹಕ್ಕು. ಚೆಂಡು ಮುಟ್ಟದೆಯೇ ಪಾಸಾಗಬಹುದು. ಲೆಡ್ಜರ್ ಮುಟ್ಟದೆ ಆಗುವುದಿಲ್ಲ.

ಈ ಓದು ಹುಟ್ಟಿದ್ದೂ ಹಾಗೆಯೇ. ಅಮೆರಿಕದ ಬ್ರೂಕ್ಲಿನ್ ಡಾಜರ್ಸ್ ಬೇಸ್‌ಬಾಲ್ ತಂಡದ ಮಾಲೀಕ ವಾಲ್ಟರ್ ಒ’ಮ್ಯಾಲಿ 1957ರಲ್ಲಿ ಜೇಮ್ಸ್ ಮೇಸನ್ ಎಂಬ ಪ್ರಾಧ್ಯಾಪಕರಿಗೆ ಪತ್ರ ಬರೆದು, ತಂಡ ಮತ್ತು ಸ್ಟೇಡಿಯಂ ನಡೆಸಲು ತರಬೇತಾದ ಜನ ಎಲ್ಲಿ ಸಿಗುತ್ತಾರೆ ಎಂದು ವಿಚಾರಿಸಿದ್ದರು. ಅದರ ಫಲವಾಗಿ 1966ರಲ್ಲಿ ಒಹಾಯೊ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಕೋರ್ಸು ಶುರುವಾಯಿತು. ನಮ್ಮಲ್ಲಿ ಇದಕ್ಕೆ ಬೇಡಿಕೆ ಬಂದದ್ದು 2008ರ ಐಪಿಎಲ್, 2014ರ ಪ್ರೊ ಕಬಡ್ಡಿ ಮತ್ತು ಫುಟ್‌ಬಾಲಿನ ಐಎಸ್‌ಎಲ್ ಲೀಗ್ ಬಂದ ಮೇಲೆ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಗಿದೆ. ಅಷ್ಟು ದುಡ್ಡು ಓಡಾಡುವ ಕಡೆ ಲೆಕ್ಕ ಬರೆಯುವವರೂ ಬೇಕಲ್ವಾ?

ಆಮೇಲೆ ಊರಿನ ಒಂದು ಪಂದ್ಯಾಟಕ್ಕೆ ಇಳಿಯಿರಿ

ಅರ್ಜಿ ಹಾಕುವ ಮೊದಲೇ ಇದನ್ನು ಮಾಡಿ. ಈ ಕೆಲಸ ನಿಮಗೆ ಹಿಡಿಸುತ್ತದೋ ಇಲ್ಲವೋ ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತದೆ.

ನಮ್ಮ ಊರುಗಳಲ್ಲಿ ಮಳೆ ನಿಂತು ಗದ್ದೆ ಒಣಗಿದರೆ ಸಾಕು, ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದ ಬ್ಯಾನರು ಏಳುತ್ತದೆ. ತೃಕ್ಕರಿಪುರದ ಕಡೆ ಹೋದರೆ ಸೆವೆನ್ಸ್, ಅಂದರೆ ತಂಡಕ್ಕೆ ಏಳು ಜನರ ಫುಟ್‌ಬಾಲ್. ಅಲ್ಲಿಯ ಮೊಹಮ್ಮದ್ ರಾಫಿ 2016ರ ಐಎಸ್‌ಎಲ್ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಗೋಲು ಹೊಡೆದವರು. ತಳಂಗರೆಯ ಕ್ರಿಕೆಟಿಗ ಮೊಹಮ್ಮದ್ ಅಜರುದ್ದೀನ್ 2021ರಲ್ಲಿ ಮುಂಬಯಿ ವಿರುದ್ಧ 37 ಎಸೆತಕ್ಕೆ ಶತಕ ಬಾರಿಸಿದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಆಟಗಾರರ ಹೆಸರು ಎಲ್ಲರಿಗೂ ಗೊತ್ತು. ಆಟ ಇಡುವವರ ಪಾಡು ಬೇರೆ.

ನನ್ನ ಅನುಭವವನ್ನೇ ಕೇಳಿ. ಕೆಲವು ವರ್ಷದ ಹಿಂದೆ ನಮ್ಮ ಕ್ಲಬ್ಬಿನ ಪಂದ್ಯಾಟಕ್ಕೆ ನಾನೇ ವೇಳಾಪಟ್ಟಿ ಬರೆದಿದ್ದೆ. 16 ತಂಡ, ಒಂದೇ ಅಂಕಣ, ಸೋತವರು ಹೊರಗೆ. ಸಂಜೆ 7ಕ್ಕೆ ಶುರು. ನಾಕೌಟಿನಲ್ಲಿ ತಂಡಗಳ ಸಂಖ್ಯೆಯಿಂದ ಒಂದು ಕಳೆದರೆ ಪಂದ್ಯಗಳ ಸಂಖ್ಯೆ, ಅಂದರೆ 15. ಅಷ್ಟು ಗೊತ್ತಿತ್ತು. ಗಡಿಯಾರದ ಲೆಕ್ಕ ಮಾತ್ರ ಹಾಕಿರಲಿಲ್ಲ. ಒಂದೊಂದು ಪಂದ್ಯಕ್ಕೆ 15 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ, ತಂಡ ಬದಲಾಗಲು 10 ನಿಮಿಷ. ಒಟ್ಟು 45. ಹದಿನೈದು ಪಂದ್ಯಕ್ಕೆ 675 ನಿಮಿಷ, ಅಂದರೆ ಹನ್ನೊಂದು ಕಾಲು ಗಂಟೆ! ರಾತ್ರಿ 10ಕ್ಕೆ ಪೊಲೀಸರು ಬಂದು ಮೈಕ್ ಆಫ್ ಮಾಡಿಸಿದರು. ಅವರದ್ದು ತಪ್ಪಲ್ಲ, 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ ಕಾನೂನೇ ಇದೆ. ಉಳಿದ ಆಟ ಬರೀ ಸೀಟಿಯಲ್ಲಿ ನಡೆಯಿತು. ಫೈನಲ್ ಮುಗಿಯುವಾಗ ಪೇಪರ್ ಹಾಕುವ ಹುಡುಗ ಸೈಕಲ್ ನಿಲ್ಲಿಸಿ ನೋಡುತ್ತಿದ್ದ. ಪ್ರೇಕ್ಷಕ ಅಂತ ಉಳಿದದ್ದು ಅವನೊಬ್ಬನೇ.

ಮರುವರ್ಷ ಅದೇ 16 ತಂಡ. ಆದರೆ ಸೆಮಿಫೈನಲ್‌ಗೆ ಮೊದಲಿನ 12 ಪಂದ್ಯಕ್ಕೆ ಎರಡು ಅಂಕಣ ಮಾಡಿದೆವು. ಅವಧಿ 10 ನಿಮಿಷಕ್ಕಿಳಿಸಿ, ಎಲ್ಲ ಸೇರಿ ಪಂದ್ಯಕ್ಕೆ ಅರ್ಧ ಗಂಟೆ ಇಟ್ಟೆವು. ಎರಡೆರಡು ಒಟ್ಟಿಗೆ ಆಡಿಸಿದಾಗ 12 ಪಂದ್ಯ ಮೂರು ಗಂಟೆಗೆ ಮುಗಿಯಿತು. ಉಳಿದ ಮೂರಕ್ಕೆ ಒಂದೂವರೆ ಗಂಟೆ. ಸಂಜೆ 5ಕ್ಕೆ ಶುರು ಮಾಡಿ ಒಂಬತ್ತೂವರೆಗೆ ಟ್ರೋಫಿ ಕೊಟ್ಟೆವು. ಕಾಲೇಜಿನಲ್ಲಿ ಇದನ್ನೇ ‘ಶೆಡ್ಯೂಲಿಂಗ್’ ಎಂಬ ಪಾಠದಲ್ಲಿ ಕಲಿಸುತ್ತಾರೆ.

ಇನ್ನು ದುಡ್ಡು. ಉದಾಹರಣೆಗೆ ಬಹುಮಾನ 25,000, ಟ್ರೋಫಿ 8,000, ಲೈಟು-ಮೈಕು-ಜನರೇಟರ್ 18,000, ತೀರ್ಪುಗಾರರಿಗೆ 6,000, ಊಟ 9,000, ಬ್ಯಾನರು ಮತ್ತಿತರ 4,000 ಅಂತ ಇಟ್ಟುಕೊಳ್ಳಿ. ಒಟ್ಟು 70,000 ರೂಪಾಯಿ. ಪ್ರವೇಶ ಶುಲ್ಕ ತಂಡಕ್ಕೆ 1,000ದಂತೆ ಬರುವುದು 16,000. ಉಳಿದ 54,000ಕ್ಕೆ ಯಾರ ಅಂಗಡಿ ಬಾಗಿಲಿಗೆ ಹೋಗುವುದು? ಅವರ ಹೆಸರನ್ನು ಎಲ್ಲಿ, ಎಷ್ಟು ದೊಡ್ಡದಾಗಿ ಹಾಕುವುದು? ಸ್ಪಾನ್ಸರ್‌ಶಿಪ್ ಎಂಬ ವಿಷಯದ ಪೂರ್ತಿ ತಿರುಳು ಇಷ್ಟೇ. ಒಂದು ಮಾತು ನೆನಪಿಡಿ: ಬಾಯಿ ಮಾತಿಗೆ ಬ್ಯಾನರು ಪ್ರಿಂಟ್ ಮಾಡಿಸಬೇಡಿ. ನಮಗೆ ಒಬ್ಬರು “ನಾನುಂಟಲ್ಲ, ನೀವು ಹಾಕಿ” ಅಂದರು. ಹಾಕಿದೆವು. ಆ ದುಡ್ಡು ಇವತ್ತಿಗೂ ಬಂದಿಲ್ಲ. ಒಂದು ಸಾಲಿನ ಪತ್ರ, ಮುಂಗಡ ಅರ್ಧ, ಆಮೇಲೆ ಬ್ಯಾನರು.

ಈ ಲೆಕ್ಕವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರವೇಶ ಸಂದರ್ಶನದಲ್ಲಿ “ಕ್ರೀಡೆ ನನ್ನ ಉಸಿರು” ಅಂತ ಎಲ್ಲರೂ ಹೇಳುತ್ತಾರೆ. ನೀವು ನೋಟ್‌ಬುಕ್ ತೋರಿಸಿ.

ಕಾಲೇಜು ನೋಡುವಾಗ

ಹೆಚ್ಚಿನ ಕಡೆ ಪ್ಲಸ್ ಟು ಯಾವ ವಿಭಾಗವಾದರೂ ನಡೆಯುತ್ತದೆ. ಕಾಮರ್ಸ್ ಆದರೆ ಮೊದಲ ವರ್ಷ ಉಸಿರಾಡಲು ಬಿಡುವು ಸಿಗುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೂ ಇನ್ನು ಕೆಲವಕ್ಕೂ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದನ್ನು ಕನ್ನಡದಲ್ಲೂ ಬರೆಯಬಹುದು ಎಂಬುದು ನಮ್ಮ ತುಂಬಾ ಮಕ್ಕಳಿಗೆ ಗೊತ್ತೇ ಇಲ್ಲ.

ಕಾಲೇಜಿಗೆ ಫೋನ್ ಮಾಡಿದಾಗ ಮೊದಲ ಪ್ರಶ್ನೆ ಇದಾಗಿರಲಿ: “ಪದವಿ ಸರ್ಟಿಫಿಕೇಟಿನಲ್ಲಿ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತದೆ?” ಆ ಹೆಸರು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಪಟ್ಟಿಯಲ್ಲಿದೆಯಾ ಅಂತ ನೀವೇ ನೋಡಿ. ಚಂದದ ಕಟ್ಟಡ, ಕ್ರಿಕೆಟಿಗರ ಫೋಟೋ ಇಟ್ಟು ಬರೀ ಡಿಪ್ಲೊಮಾ ಕೊಡುವವರಿದ್ದಾರೆ. 2024-25ರಿಂದ ಬಿಬಿಎ ಕೋರ್ಸುಗಳು ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಅಡಿಗೆ ಬಂದಿವೆ, ಹಾಗಾಗಿ ಅದರ ಒಪ್ಪಿಗೆಯನ್ನೂ ಕೇಳಿ. ಎರಡನೆಯ ಪ್ರಶ್ನೆ: ಹಿಂದಿನ ವರ್ಷದ ಮಕ್ಕಳು ಇಂಟರ್ನ್‌ಶಿಪ್ ಎಲ್ಲಿ ಮಾಡಿದರು? “ದೊಡ್ಡ ದೊಡ್ಡ ಕಂಪನಿಗಳಲ್ಲಿ” ಅಂದರೆ ಸಾಲದು. ಒಬ್ಬ ಸೀನಿಯರ್ ನಂಬರ್ ಕೇಳಿ. ಕೊಡಲು ತಡವರಿಸಿದರೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ಮುಂಬಯಿಗೂ ಹೋಗುವವರಿದ್ದಾರೆ. ಅಲ್ಲಿಯ ಇಂಟರ್‌ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಕಟ್ಟಿದವರು ಭಾರತದ ಮಾಜಿ ಸ್ಪಿನ್ನರ್ ನೀಲೇಶ್ ಕುಲಕರ್ಣಿ. 1997ರಲ್ಲಿ ಕೊಲಂಬೊದಲ್ಲಿ ಟೆಸ್ಟ್ ಬದುಕಿನ ಮೊದಲ ಎಸೆತಕ್ಕೇ ವಿಕೆಟ್ ಕಿತ್ತವರು. ಅದೇ ಇನಿಂಗ್ಸ್‌ನಲ್ಲಿ ಶ್ರೀಲಂಕಾ 952 ರನ್ ಹೊಡೆಯಿತು, ಅವರಿಗೆ ಮತ್ತೊಂದು ವಿಕೆಟ್ ಸಿಗಲಿಲ್ಲ. ಇರಲಿ. ಮುಂಬಯಿಯಾದರೆ ಫೀಸಿಗಿಂತ ರೂಮಿನ ಬಾಡಿಗೆ ಮೊದಲು ಕೇಳಿ. ಮೂರು ವರ್ಷದ ಒಟ್ಟು ಖರ್ಚನ್ನು ಒಂದೇ ಹಾಳೆಯಲ್ಲಿ ಬರೆದು ಅಪ್ಪ ಅಮ್ಮನ ಮುಂದಿಡಿ.

ಇನ್ನೊಂದು ಗೊಂದಲ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಇರುವ ಅವಕಾಶ ಎಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸುಗಳಿಗೆ. ಅದನ್ನು ನಂಬಿ ಬಿಬಿಎ ಅರ್ಜಿ ತಡ ಮಾಡಬೇಡಿ. ಮಂಗಳೂರು, ಬೆಂಗಳೂರಿನಲ್ಲಿ ಸೇರುವುದಾದರೆ ಕೇರಳದ ಪ್ಲಸ್ ಟುಗೆ ಅರ್ಹತಾ ಪತ್ರ ಬೇಕೇ ಅಂತ ಮೊದಲೇ ವಿಚಾರಿಸಿ. ಓದಿ ಬಂದ ಮೇಲೆ ಕೇರಳದಲ್ಲಿ ಸರ್ಕಾರಿ ಕೆಲಸಕ್ಕೆ ಹೊರಗಿನ ಪದವಿಯ ಮಾನ್ಯತೆ ಕೇಳುವುದುಂಟು. ಕಾಗದ ಪತ್ರ ಜೋಪಾನ.

ಹೊರಗೆ ಹೋಗಲು ಆಗದವರು ಸುಮ್ನೆ ಕೊರಗಬೇಕಿಲ್ಲ. ಕಣ್ಣೂರು ವಿಶ್ವವಿದ್ಯಾಲಯದ ಯಾವುದಾದರೂ ಕಾಲೇಜಿನಲ್ಲಿ ಬಿಬಿಎ ಅಥವಾ ಬಿಕಾಂ ಮಾಡಿ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದ್ಧತಿ ಬಂದಿದೆ, ಮೂರಕ್ಕೆ ಹೊರಬಂದರೂ ಪದವಿ ಸಿಗುತ್ತದೆ. ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟನ್ನು ಆಮೇಲೆ ಸ್ನಾತಕೋತ್ತರದಲ್ಲಿ ಹಿಡಿಯಬಹುದು. ನನ್ನನ್ನು ಕೇಳಿದರೆ ಕೈಯಲ್ಲಿ ದುಡ್ಡು ಬಿಗಿ ಇರುವ ಮನೆಗೆ ಈ ದಾರಿಯೇ ವಾಸಿ.

ಇಂಗ್ಲಿಷ್ ಭಯಕ್ಕೆ

ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಗಡೆ ಪಾಠದ ಪದ, ಬಲಗಡೆ ಮನೆಯ ಮಾತು. ಬ್ರೇಕ್ ಈವನ್ ಅಂದರೆ ಅಸಲು ಹುಟ್ಟುವುದು. ಇನ್ವೆಂಟರಿ ಅಂದರೆ ದಾಸ್ತಾನು. ರಿಸೀವಬಲ್ ಅಂದರೆ ಬರಬೇಕಾದ ಬಾಕಿ, ನಮ್ಮ ಬ್ಯಾನರಿನ ದುಡ್ಡಿನ ಹಾಗೆ. ಅಡಿಕೆ ಮಂಡಿಯ ಲೆಕ್ಕ ನೋಡಿ ಬೆಳೆದ ಮಕ್ಕಳಿಗೆ ಅರ್ಥ ಮೊದಲೇ ಗೊತ್ತಿರುತ್ತದೆ, ಹೆಸರು ಮಾತ್ರ ಹೊಸತು. ಬಾಯಿ ತಿರುಗಲು ಮಾತ್ರ ದಿನಾ ಒಂದು ಪುಟ ಗಟ್ಟಿಯಾಗಿ ಓದಲೇಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಕನ್ನಡ, ಮಲಯಾಳ, ತುಳು ಮೂರೂ ಬರುವುದನ್ನು ಬಯೋಡೇಟಾದಲ್ಲಿ ಮೇಲೆಯೇ ಬರೆಯಿರಿ. ಕಣ್ಣೂರಿನ ತಂಡದವರಿಗೂ ಪುತ್ತೂರಿನ ತಂಡದವರಿಗೂ ಒಂದೇ ಫೋನಿನಲ್ಲಿ ಸಮಾಧಾನ ಹೇಳಬಲ್ಲವನು ಆಯೋಜಕರಿಗೆ ಬೇಕೇ ಬೇಕು.

ಸೇರಿದ ಮೇಲೆ

ಮೊದಲ ರಜೆಯಿಂದಲೇ ಕೆಲಸಕ್ಕೆ ಹೋಗಿ. ಊರೂರಿಗೆ ಟರ್ಫ್ ಮೈದಾನ ಬಂದಿದೆ. ಅಲ್ಲಿ ಬುಕಿಂಗ್ ನೋಡಿಕೊಳ್ಳಿ. ಸಂಜೆ ಜಾಗ ಸಿಗದೆ ಜಗಳ, ಮಧ್ಯಾಹ್ನ ಎರಡಕ್ಕೆ ಒಂದು ನರಪಿಳ್ಳೆ ಇಲ್ಲ. ಆ ಖಾಲಿ ಹೊತ್ತನ್ನು ಯಾವ ದರಕ್ಕೆ, ಯಾರಿಗೆ ಮಾರುವುದು ಅಂತ ಯೋಚಿಸಿದರೆ ಅದೇ ಒಂದು ಪ್ರಾಜೆಕ್ಟ್ ರಿಪೋರ್ಟ್. ಕಾನೂನಿನ ಪೇಪರಿಗೆ 2022ರ ಉದ್ದೀಪನ ಮದ್ದು ತಡೆ ಕಾಯ್ದೆಯನ್ನೂ 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನೂ ಮೂಲದಲ್ಲೇ ಓದಿ. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ಗ್ರಾಮೀಣ ಕ್ರೀಡಾ ತರಬೇತಿಗೂ ಬರಬಹುದು ಎಂಬುದನ್ನು ಗುರುತು ಹಾಕಿಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಶುರುವಿನ ಸಂಬಳ ಕಮ್ಮಿಯೇ. ಭಾನುವಾರ, ಹಬ್ಬ ಎರಡೂ ಇಲ್ಲ. ಫೈನಲ್ ದಿನ ಎಲ್ಲರೂ ಆಟ ನೋಡುವಾಗ ನೀವು ಅಂಕಣಕ್ಕೆ ಬೆನ್ನು ಹಾಕಿ ಗೇಟಿನಲ್ಲಿ ನಿಂತಿರುತ್ತೀರಿ. ಅಳಿಯನಿಗೆ ಕಷ್ಟ ಅನಿಸಿದ್ದು ಇದೊಂದೇ. “ಒಂದು ರೈಡೂ ನೋಡ್ಲಿಕ್ಕೆ ಸಿಗುದಿಲ್ವಾ ಮಾವ?” ಅಂದ. ಸಿಗುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಸಲದ ಪಂದ್ಯಾಟಕ್ಕೆ ಎಷ್ಟು ತಂಡ ಬರುತ್ತದೆ ಅಂತ ಕೇಳಿದ. ಇಪ್ಪತ್ತನಾಲ್ಕು ಅಂದೆ. ಪೆನ್ನು ತೆಗೆದ.