'ಲೇಟ್' ಎಲ್ಲಿ ಬರಬೇಕು?

ಇಂಗ್ಲಿಷ್‌ನಲ್ಲಿ ಯಾರಾದರೂ ತಡವಾಗಿದ್ದಾರೆ ಅಂತ ಹೇಳುವಾಗ 'ಲೇಟ್' ಪದವನ್ನು 'ಈಸ್' ಅಥವಾ 'ವಾಸ್' ಆದ ಮೇಲೆ ಹಾಕಿ, ಆ ವ್ಯಕ್ತಿಗಿಂತ ಮೊದಲು ಬೇಡ. 'ಮೈ ಅಂಕಲ್ ಈಸ್ ಲೇಟ್' ಅಂದರೆ ಮಾವ ಇನ್ನೂ ಬಂದಿಲ್ಲ. 'ಮೈ ಲೇಟ್ ಅಂಕಲ್' ಅಂದರೆ ಮಾವ ತೀರಿಕೊಂಡಿದ್ದಾರೆ! ವ್ಯಕ್ತಿಯ ಹೆಸರಿಗೋ ಸಂಬಂಧಕ್ಕೋ ಮೊದಲು ಬಂದಾಗ ಅದು ನಮ್ಮ 'ದಿವಂಗತ' ಇದ್ದ ಹಾಗೆ, ಅಷ್ಟೇ. ರಜೆ ಪತ್ರದಲ್ಲಿ, ಆಫೀಸ್ ಮೇಲ್‌ನಲ್ಲಿ ಇದನ್ನು ಒಮ್ಮೆ ನೋಡಿಕೊಳ್ಳಿ, ಓದಿದವರು ಸುಮ್ನೆ ಗಾಬರಿಯಾಗಬಾರದು ಅಲ್ವಾ. ಈ ನಿಯಮ ಮನುಷ್ಯರಿಗೆ ಮಾತ್ರ. ಹೊತ್ತಿಗೆ, ವಸ್ತುವಿಗೆ ನಡೆಯಲ್ಲ: 'ಲೇಟ್ ನೈಟ್', 'ಲೇಟ್ ಫೀ' ಎರಡೂ ಸರಿಯೇ. 'ಲೇಟ್ಲಿ' ಅಂದರೆ ಮಾತ್ರ ತಡವಾಗಿ ಅಂತಲ್ಲ, ಇತ್ತೀಚೆಗೆ ಅಂತ.