ಬಾಟಲಿಯ ತಳದ ಬಿಳಿ ಪುಡಿ

ಕೋಲಾರದಲ್ಲಿ ಮಕ್ಕಳ ಡಾಕ್ಟರಾಗಿ ಕೂತವನಿಗೆ, ಕಿಡ್ನಿ ಕಲ್ಲಿನ ಕೇಸು ಬಂದಾಗೆಲ್ಲ ಮೊದಲು ಕಿವಿಗೆ ಬೀಳುವ ಮಾತು ಒಂದೇ: ‘ಬೋರ್ ನೀರು ಸಾರ್.’ ಮುಳಬಾಗಿಲು ಕಡೆಯಿಂದ ಬಂದ ಐದು ವರ್ಷದ ಹುಡುಗನ ಅಜ್ಜಿಯೂ ಅದನ್ನೇ ಹೇಳಿದರು. ಸ್ಕ್ಯಾನಿನಲ್ಲಿ ಎರಡೂ ಕಿಡ್ನಿಯಲ್ಲಿ ಕಲ್ಲು, ಸಾಲದ್ದಕ್ಕೆ ಒಳಗೆಲ್ಲ ಸುಣ್ಣ ಕಟ್ಟಿತ್ತು. ನೀರು ಊರಿಗೆಲ್ಲ ಒಂದೇ, ಇವನೊಬ್ಬನಿಗೇ ಹೀಗೇಕೆ? ಕೇಳಿದರೆ, ಅಪ್ಪ ಅಮ್ಮನಿಗೆ ಸ್ವಂತ ಸೋದರಮಾವ. ಜೀನ್ ಪರೀಕ್ಷೆಗೆ ಕಳಿಸಿದೆ.

ರಿಪೋರ್ಟು ಬಂತು: ಎಜಿಎಕ್ಸ್‌ಟಿ ಜೀನಿನಲ್ಲಿ ಒಂದು ಅಕ್ಷರ ಬದಲು, ಅಪ್ಪನಿಂದ ಬಂದದ್ದು, ಅಮ್ಮನಿಂದ ಬಂದದ್ದು ಎರಡೂ ಪ್ರತಿಯಲ್ಲಿ. ಪಕ್ಕದಲ್ಲಿ ‘ವಿಯುಎಸ್’, ಅಂದರೆ ರೋಗಕ್ಕೆ ಕಾರಣವೋ ಅಲ್ಲವೋ ಹೇಳಲಾಗದು. ಈ ಜೀನಿನ ಕಿಣ್ವ ಕೆಲಸ ಮಾಡುವುದು ಲಿವರಿನಲ್ಲಿ. ಅದು ಕೆಟ್ಟರೆ ಆಕ್ಸಲೇಟ್ ಉಕ್ಕಿ, ಕ್ಯಾಲ್ಸಿಯಂ ಜೊತೆ ಸೇರಿ ಕಿಡ್ನಿಯಲ್ಲಿ ಕೂರುತ್ತದೆ. ತಪ್ಪು ಲಿವರಿನದು, ಪೆಟ್ಟು ಕಿಡ್ನಿಗೆ.

ಬದಲಾವಣೆ ರೋಗಕಾರಕವೇ ಎಂದು ನಾವು ತೂಗುವುದು ಅಮೆರಿಕದ ಜೀನ್ ತಜ್ಞರ ಸಂಸ್ಥೆ ಎಸಿಎಂಜಿಯ 2015ರ ನಿಯಮಗಳಿಂದ, ಈಗ ಅಂಕ ಹಾಕಿ. 6 ಬಂದರೆ ‘ಬಹುಶಃ ರೋಗಕಾರಕ’. ಜನರ ಜೀನುಗಳ ಜಾಗತಿಕ ಸಂಗ್ರಹವಾದ ಜಿನೋಮ್ಯಾಡ್‌ನಲ್ಲಿ ಈ ಬದಲಾವಣೆ ಇರಲಿಲ್ಲ: 1. ನಮ್ಮ ಕಡೆಯವರೇ ಅಲ್ಲಿ ಕಡಿಮೆ ಇರುವಾಗ ಅದಕ್ಕೆ ಹೆಚ್ಚು ಬೆಲೆ ಕೊಡಬಾರದು ಎಂಬುದು ನನ್ನ ಹಟ. ಬದಲಾವಣೆ ಕಿಣ್ವವನ್ನು ಕೆಡಿಸುತ್ತದೆ ಎಂಬ ಕಂಪ್ಯೂಟರ್ ಊಹೆಗೆ 1. ಎರಡೂ ಪ್ರತಿಯಲ್ಲಿ ಇರುವುದಕ್ಕೆ 1. ಒಂದು ಪ್ರತಿ ಪೂರಾ ಅಳಿಸಿಹೋಗಿದ್ದರೂ ರಿಪೋರ್ಟು ಹೀಗೇ ಕಾಣುತ್ತದೆ, ಆದ್ದರಿಂದ ಅಪ್ಪ ಅಮ್ಮ ಇಬ್ಬರಲ್ಲೂ ಬದಲಾದ ಪ್ರತಿ ಒಂದೊಂದು ಇದೆ ಎಂದು ಖಚಿತಪಡಿಸಿಕೊಂಡೆ. ಒಟ್ಟು 3.

ಉಳಿದದ್ದು ಮೂತ್ರ. ಮೊದಲ ಪರೀಕ್ಷೆಯಲ್ಲಿ ಆಕ್ಸಲೇಟ್ ನಾರ್ಮಲ್! ಜೀನಿನ ಮಾತನ್ನೇ ಕೈಬಿಡುವುದರಲ್ಲಿದ್ದೆ. ಅಷ್ಟರಲ್ಲಿ ಉಳಿಸಿಟ್ಟ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತಳದಲ್ಲಿ ಅಕ್ಕಿಹಿಟ್ಟು ತೊಳೆದ ನೀರಿನ ಗಸಿಯಂತೆ ಬಿಳಿ ಪುಡಿ. ಅಲ್ಲಾಡಿಸಿದರೆ ಎದ್ದು ಮಿನುಗಿ ಮತ್ತೆ ಕೂತಿತು. ಆಮ್ಲ ಹಾಕದ ಬಾಟಲಿ, ಬಿಸಿಲಿನಲ್ಲಿ ಬಸ್ಸು. ಬಹುಪಾಲು ಆಕ್ಸಲೇಟ್ ಹರಳಾಗಿ ತಳ ಸೇರಿತ್ತು, ಲ್ಯಾಬು ಅಳೆದದ್ದು ಮೇಲಿನ ತಿಳಿ. ಆಮ್ಲದ ಬಾಟಲಿ ಕೊಟ್ಟು ಕಳಿಸದೇ ಇದ್ದದ್ದು ನನ್ನದೇ ತಪ್ಪು.

ಎರಡನೇ ಸಲ ಆಕ್ಸಲೇಟ್, ಅದೇ ಕಿಣ್ವ ಕೆಟ್ಟಾಗ ಏರುವ ಗ್ಲೈಕೊಲೇಟ್ ಎರಡೂ ವಿಪರೀತ. ಅದಕ್ಕೆ 2. ಒಟ್ಟು 5. ವಿಟಮಿನ್ ಬಿ6 ಮಾತ್ರೆಯನ್ನು ಹೇಗೂ ಶುರುಮಾಡಿದ್ದೆ. ಕೆಲವು ಬದಲಾವಣೆಗಳಿಗೆ ಅದು ನಾಟುತ್ತದೆ, ‘ರೋಗಕಾರಕ’ ಎಂಬ ಲೇಬಲ್ಲಿಗೆ ಕಾಯಬೇಕಿಲ್ಲ.

ತಾಯಿ ಆಗ ಬಸುರಿ. ‘ಹೊಟ್ಟೆಯಲ್ಲಿರೋದಕ್ಕೂ ಟೆಸ್ಟ್ ಮಾಡಿ ಸಾರ್’ ಎಂದರು. ‘ಈ ಬದಲಾವಣೆಯಿಂದಲೇ ಕಾಯಿಲೆ ಅಂತ ಇನ್ನೂ ಗಟ್ಟಿಯಾಗಿಲ್ಲಮ್ಮ, ಅದನ್ನ ನಂಬಿಕೊಂಡು ಬಸುರಿನ ವಿಷಯ ತೀರ್ಮಾನ ಮಾಡೋದು ಬೇಡ’ ಎಂದೆ. ಅವರ ಸೊಂಟದ ಮೇಲೆ ಒಂದೂವರೆ ವರ್ಷದ ಮಗಳಿದ್ದಳು, ಗುಂಡುಗುಂಡಾಗಿ, ನನ್ನ ಸ್ಟೆತಸ್ಕೋಪ್ ಎಳೆಯುತ್ತ. ಅವಳ ಮೂತ್ರವನ್ನೂ ತರಿಸಿದೆ, ಈ ಸಲ ಆಮ್ಲ ಹಾಕಿದ ಬಾಟಲಿಯಲ್ಲಿ.

ಆಕ್ಸಲೇಟ್ ಅಣ್ಣನಷ್ಟೇ. ಜೀನಿನ ಎರಡೂ ಪ್ರತಿ ಅಣ್ಣನದರಂತೆಯೇ. ಆರನೆಯ ಅಂಕ ಸಿಕ್ಕಿತು.